ಲಾರಿಯ ಮೇಲೆ ನಾಲ್ಕು ಮ್ಯಾಕ್ಸಿಮ್: ವಾರ್ ಥಂಡರ್ ಆಟದ ಗಾಝ್-ಎಎಎ 4ಎಂ ವಿಮರ್ಶೆ

ಟ್ಯಾಂಕು, ವಿಮಾನಗಳನ್ನು ಓಡಿಸಿ ಆನ್‌ಲೈನಿನಲ್ಲಿ ಕಾದಾಡುವ ವಾರ್ ಥಂಡರ್ ಎಂಬ ವಿಡಿಯೊ ಆಟದಲ್ಲಿ ಸೋವಿಯತ್ ನೆಲಪಡೆಯನ್ನು ಆರಿಸಿಕೊಂಡವರಿಗೆ ಮೊದಲ ದಿನಗಳಲ್ಲೇ, ಕೈಯಿಂದ ಒಂದು ರೂಪಾಯಿಯೂ ಖರ್ಚಾಗದೆ ಸಿಗುವ ವಾಹನಗಳಲ್ಲಿ ಗಾಝ್-ಎಎಎ 4ಎಂ ಒಂದು. ಮೂರು ಅಚ್ಚುಗಳ ಸಾಮಾನ್ಯ ಸರಕು ಲಾರಿ, ಅದರ ಹಿಂದಿನ ಬಾಡಿಯಲ್ಲಿ ಒಂದೇ ಕಂಬದ ಮೇಲೆ ಅಕ್ಕಪಕ್ಕ ಜೋಡಿಸಿದ ನಾಲ್ಕು ಮ್ಯಾಕ್ಸಿಮ್ ಮೆಷಿನ್ ಗನ್‌ಗಳು, ಅವುಗಳ ಹಿಂದೆ ತೆರೆದ ಆಕಾಶದ ಕೆಳಗೆ ನಿಂತ ಗನ್ನರ್. ಉಕ್ಕಿನ ಕವಚ ಎಂಬುದು ಈ ವಾಹನದಲ್ಲಿ ಎಲ್ಲಿಯೂ ಇಲ್ಲ. ಬಹುತೇಕ ಆಟಗಾರರು ಇದನ್ನು ಕೆಲವು ಬಾರಿ ಓಡಿಸಿ, ಟ್ಯಾಂಕುಗಳ ಕಣ್ಣಿಗೆ ಬಿದ್ದ ಕ್ಷಣದಲ್ಲೇ ನಾಶವಾಗುವುದನ್ನು ಕಂಡು ಬೇಸತ್ತು, ಮುಂದಿನ ವಾಹನಕ್ಕೆ ದಾಟಿಬಿಡುತ್ತಾರೆ. ಆ ತೀರ್ಪು ಅವಸರದ್ದೆಂದು ನನಗೆ ಅನ್ನಿಸುತ್ತದೆ. ಈ ಲಾರಿ ಉರುಳಿಸುವ ವಿಮಾನಗಳಿಗಿಂತ ಹಿಮ್ಮೆಟ್ಟಿಸುವ ವಿಮಾನಗಳೇ ಹೆಚ್ಚು. ಆದರೆ ಆಟದ ಅಂಕಪಟ್ಟಿ ಎರಡನೆಯದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲವಾದ್ದರಿಂದ, ಪಂದ್ಯದ ಕೊನೆಯಲ್ಲಿ ಪಟ್ಟಿ ನೋಡಿ ವಾಹನದ ಯೋಗ್ಯತೆ ಅಳೆಯುವವರಿಗೆ ಇದು ಸದಾ ಕೆಳದರ್ಜೆಯದಾಗಿಯೇ ಕಾಣುತ್ತದೆ.

ವಿಮರ್ಶೆಗೆ ಮುನ್ನ ಈ ಯಂತ್ರದ ಹಿನ್ನೆಲೆಯನ್ನು ಸ್ವಲ್ಪ ತಿಳಿದಿರುವುದು ಒಳ್ಳೆಯದು, ಏಕೆಂದರೆ ಆಟದಲ್ಲಿ ಅದಕ್ಕೆ ಬಂದಿರುವ ಗುಣದೋಷಗಳೆಲ್ಲ ಅಲ್ಲಿಂದಲೇ ಬಂದವು. ಅಮೆರಿಕದ ಫೋರ್ಡ್ ಕಂಪನಿಯೊಂದಿಗೆ 1929ರಲ್ಲಿ ಮಾಡಿಕೊಂಡ ಒಪ್ಪಂದದ ಆಧಾರದ ಮೇಲೆ ಸೋವಿಯತ್ ಸರ್ಕಾರ ನಿಜ್ನಿ ನೋವ್ಗೊರೊದ್ ನಗರದಲ್ಲಿ ಕಟ್ಟಿಸಿದ ಕಾರ್ಖಾನೆಯಿಂದ 1932ರ ಜನವರಿಯಲ್ಲಿ ಮೊದಲ ಲಾರಿಗಳು ಹೊರಬಂದವು. ಅದೇ ವರ್ಷ ನಗರಕ್ಕೆ ಗೋರ್ಕಿ ಎಂದು ಹೆಸರು ಬದಲಾದಾಗ ಕಾರ್ಖಾನೆಯ ಹೆಸರೂ ಅದಕ್ಕೆ ತಕ್ಕಂತೆ ಗಾಝ್ (ಗೋರ್ಕಿ ಮೋಟಾರು ಕಾರ್ಖಾನೆ) ಎಂದು ಬದಲಾಯಿತು. ಫೋರ್ಡ್ ಎಎ ಲಾರಿಯ ಮಾದರಿಯಲ್ಲೇ ತಯಾರಾದ ಗಾಝ್-ಎಎ ಒಂದೂವರೆ ಟನ್ ಹೊರುತ್ತಿತ್ತು. ಅದರ ಹಿಂಬದಿಗೆ ಇನ್ನೊಂದು ಅಚ್ಚು ಸೇರಿಸಿ, ಹಿಂದಿನ ಎರಡೂ ಅಚ್ಚುಗಳಿಗೆ ಎಂಜಿನ್ನಿನ ಬಲ ತಲುಪುವಂತೆ ಮಾಡಿದ್ದೇ ಗಾಝ್-ಎಎಎ. 1934ರಿಂದ 1943ರವರೆಗೆ ಇದು 37 ಸಾವಿರಕ್ಕೂ ಮಿಕ್ಕಿದ ಸಂಖ್ಯೆಯಲ್ಲಿ ತಯಾರಾಯಿತು. ಮೂರನೆಯ ಅಚ್ಚು ಬಂದರೂ ಎಂಜಿನ್ ಮಾತ್ರ ನಾಲ್ಕು ಸಿಲಿಂಡರಿನದೇ ಆಗಿತ್ತು. ಅದರ ಶಕ್ತಿ ಮೊದಲಿಗೆ 40 ಅಶ್ವಶಕ್ತಿ, ಆಮೇಲೆ 50. ಆಟದಲ್ಲಿ ಉಬ್ಬು ಹತ್ತುವಾಗ ಲಾರಿ ಏದುಸಿರು ಬಿಡುವುದೇಕೆಂದು ಇನ್ನು ಬೇರೆ ಹೇಳಬೇಕಾಗಿಲ್ಲ.

ಬಾಡಿಯ ಮೇಲಿರುವ ಬಂದೂಕಿನ ಕತೆ ಇನ್ನೂ ಹಳೆಯದು. ರಷ್ಯಾದ ಸೈನ್ಯ 1910ರಲ್ಲಿ ಒಪ್ಪಿಕೊಂಡು 1930ರಲ್ಲಿ ಸುಧಾರಿಸಿದ 7.62 ಮಿ.ಮೀ. ಮ್ಯಾಕ್ಸಿಮ್ ಮೆಷಿನ್ ಗನ್ನುಗಳನ್ನು ನಾಲ್ಕು ನಾಲ್ಕಾಗಿ ಜೋಡಿಸಿ, ಎನ್. ಎಫ್. ತೊಕಾರೆವ್ ಅವರ ನೇತೃತ್ವದಲ್ಲಿ ರೂಪಿಸಿದ ಈ ವ್ಯವಸ್ಥೆಯನ್ನು 1931ರಲ್ಲಿ ಸೇವೆಗೆ ತೆಗೆದುಕೊಳ್ಳಲಾಯಿತು. ಒಂದೊಂದು ನಳಿಕೆಯೂ ನಿಮಿಷಕ್ಕೆ ಸುಮಾರು 600 ಗುಂಡು ಹಾರಿಸುವುದರಿಂದ ನಾಲ್ಕೂ ಸೇರಿ ನಿಮಿಷಕ್ಕೆ 2400 ಗುಂಡುಗಳ ಲೆಕ್ಕವಾಗುತ್ತದೆ. ಇಷ್ಟು ಶಾಖವನ್ನು ಸಾಮಾನ್ಯ ಮ್ಯಾಕ್ಸಿಮ್‌ನ ನೀರಿನ ಕವಚ ತಾಳುವುದಿಲ್ಲವೆಂದು ನಾಲ್ಕೂ ಕವಚಗಳ ಮೂಲಕ ನೀರನ್ನು ಬಲವಂತವಾಗಿ ಹರಿಸುವ ಏರ್ಪಾಟನ್ನು ಇದಕ್ಕೆ ಸೇರಿಸಲಾಗಿತ್ತು. ಮರದ ಚೌಕಟ್ಟಿಗೆ ಬಟ್ಟೆ ಹೊದಿಸಿದ ಎರಡು ರೆಕ್ಕೆಯ ವಿಮಾನಗಳು ತಗ್ಗಿನಲ್ಲಿ ಹಾರುತ್ತ ಕಾಲಾಳುಗಳ ಮೇಲೆ ಎರಗುತ್ತಿದ್ದ ಕಾಲಕ್ಕೆ ಇದು ತಕ್ಕ ಉತ್ತರವಾಗಿತ್ತು. ಹತ್ತು ವರ್ಷಗಳ ನಂತರ ಜರ್ಮನಿ ಸೋವಿಯತ್ ನೆಲಕ್ಕೆ ನುಗ್ಗುವ ವೇಳೆಗೆ ವಿಮಾನಗಳು ಲೋಹದವಾಗಿದ್ದವು, ಪೈಲಟ್‌ನ ಬೆನ್ನಿಗೆ ಉಕ್ಕಿನ ತಗಡು ಬಂದಿತ್ತು, ವೇಗವೂ ಹೆಚ್ಚಿತ್ತು. ರೈಫಲ್ಲಿನ ಗುಂಡು ಅವುಗಳ ಮುಂದೆ ಚಿಕ್ಕದಾಗತೊಡಗಿತು. ಆಗ ಇದರ ಸ್ಥಾನವನ್ನು 12.7 ಮಿ.ಮೀ.ನ ಡಿಎಶ್‌ಕೆ ಮೆಷಿನ್ ಗನ್ ಕ್ರಮೇಣ ತುಂಬಿತು.

ಇನ್ನು ಆಟಕ್ಕೆ ಬರೋಣ. ಗೈಜಿನ್ ಎಂಟರ್‌ಟೈನ್‌ಮೆಂಟ್ ತಯಾರಿಸಿರುವ ವಾರ್ ಥಂಡರ್ 2012ರ ನವೆಂಬರಿನಲ್ಲಿ ಸಾರ್ವಜನಿಕ ಪರೀಕ್ಷೆಗೆ ತೆರೆದುಕೊಂಡಾಗ ಅದರಲ್ಲಿ ವಿಮಾನಗಳಷ್ಟೇ ಇದ್ದವು; ನೆಲಪಡೆ ಸೇರಿಕೊಂಡದ್ದು 2014ರಲ್ಲಿ, ಮತ್ತು ನಾಲ್ಕು ಮ್ಯಾಕ್ಸಿಮ್‌ನ ಲಾರಿ ಆ ಮೊದಲ ಸೋವಿಯತ್ ಗುಂಪಿನಿಂದಲೇ ಬಂದ ಹಳಬ. ಹಳಬನಾದರೂ ಅದರ ರೂಪದಲ್ಲಿ ಕೊರತೆ ಹೇಳುವಂತಿಲ್ಲ. ಮುಂಭಾಗದ ಕಿರಿದಾದ ಎಂಜಿನ್ ಮುಚ್ಚಳ, ಚೌಕಾಕಾರದ ಕ್ಯಾಬಿನ್, ಹಲಗೆಯ ಬಾಡಿ, ದಪ್ಪ ನೀರಿನ ಕವಚಗಳಿರುವ ನಾಲ್ಕು ನಳಿಕೆಗಳು, ಬೆಲ್ಟ್ ಪೆಟ್ಟಿಗೆಗಳು, ಇವೆಲ್ಲ ಹಳೆಯ ಛಾಯಾಚಿತ್ರಗಳಲ್ಲಿ ಕಾಣುವ ಹಾಗೆಯೇ ಇವೆ. ನಾಲ್ಕು ಗನ್ನುಗಳೂ ಒಟ್ಟಿಗೆ ಶುರುವಾದಾಗ ಕೇಳುವ ಸದ್ದನ್ನು ನಾನು ಬೇರೆ ಯಾವ ಕೆಳಹಂತದ ವಾಹನದಲ್ಲೂ ಕೇಳಿಲ್ಲ. ಒಂದರ ಲಯ ಇನ್ನೊಂದಕ್ಕೆ ಕೂಡದೆ, ಬಿಡುವಿಲ್ಲದ ಗದ್ದಲವಾಗಿ ಅದು ಮೊಳಗುತ್ತದೆ.

ಗುಂಡು ಹಾರಿಸುವ ವಿಷಯವೇ ಈ ವಾಹನದ ಜೀವಾಳವಾದ್ದರಿಂದ ಅದನ್ನು ಸ್ವಲ್ಪ ವಿಸ್ತಾರವಾಗಿಯೇ ನೋಡಬೇಕು. ಗಂಟೆಗೆ 360 ಕಿ.ಮೀ. ವೇಗದಲ್ಲಿ ನಮಗೆ ಅಡ್ಡಲಾಗಿ ಹಾರುವ ವಿಮಾನ ಒಂದು ಸೆಕೆಂಡಿಗೆ 100 ಮೀಟರ್ ಕ್ರಮಿಸುತ್ತದೆ. ಮ್ಯಾಕ್ಸಿಮ್‌ನ ಗುಂಡು ನಳಿಕೆಯಿಂದ ಸೆಕೆಂಡಿಗೆ 800 ಮೀಟರಿಗೂ ಮೀರಿದ ವೇಗದಲ್ಲಿ ಹೊರಟರೂ ಗಾಳಿಯ ತಡೆಗೆ ಸಿಕ್ಕಿ ಬೇಗನೆ ನಿಧಾನವಾಗುತ್ತದೆ, ಆದ್ದರಿಂದ 500 ಮೀಟರ್ ದೂರ ತಲುಪಲು ಅದಕ್ಕೆ ಹೆಚ್ಚುಕಡಿಮೆ ಮುಕ್ಕಾಲು ಸೆಕೆಂಡ್ ಬೇಕಾಗುತ್ತದೆ. ಅಷ್ಟರಲ್ಲಿ ವಿಮಾನ ಸುಮಾರು 75 ಮೀಟರ್ ಮುಂದೆ ಹೋಗಿರುತ್ತದೆ. ಈ ಹಂತದ ಫೈಟರ್ ವಿಮಾನಗಳ ಉದ್ದ ಎಂಟೊಂಬತ್ತು ಮೀಟರ್ ಎಂದಿಟ್ಟುಕೊಂಡರೆ, ವಿಮಾನದ ಮೂತಿಯಿಂದ ಎಂಟು ವಿಮಾನಗಳಷ್ಟು ಮುಂದಿನ ಖಾಲಿ ಆಕಾಶಕ್ಕೆ ಗುರಿಯಿಡಬೇಕು ಎಂದಾಯಿತು. ಹೊಸಬರ ಗುಂಡುಗಳು ಪ್ರತಿ ಬಾರಿಯೂ ವಿಮಾನದ ಬಾಲದ ಹಿಂದೆ ಹಾದುಹೋಗುವುದಕ್ಕೆ ಕಾರಣ ಇದೇ: ಆ ಅಂತರ ಇಷ್ಟೊಂದು ದೊಡ್ಡದೆಂದು ಕಣ್ಣು ಒಪ್ಪುವುದಿಲ್ಲ. ದೂರ ಒಂದು ಕಿ.ಮೀ.ಗೆ ಏರಿದರೆ ಗುಂಡಿನ ಪ್ರಯಾಣಕ್ಕೆ ಎರಡು ಸೆಕೆಂಡಿನಷ್ಟು ಹಿಡಿಯುತ್ತದೆ. ಅಷ್ಟು ಹೊತ್ತಿನಲ್ಲಿ ಪೈಲಟ್ ಒಂದು ರೆಕ್ಕೆಯನ್ನು ತುಸು ವಾಲಿಸಿದರೂ ಸಾಕು, ನಮ್ಮ ಲೆಕ್ಕವೆಲ್ಲ ನೀರಿನಲ್ಲಿ ಹೋಮ ಮಾಡಿದಂತೆ.

ಆರ್ಕೇಡ್ ಎಂಬ ಸುಲಭದ ವಿಧಾನದಲ್ಲಿ ಈ ಲೆಕ್ಕವನ್ನು ಆಟವೇ ಮಾಡಿ, ಗುರಿಯಿಡಬೇಕಾದ ಜಾಗವನ್ನು ಪರದೆಯ ಮೇಲೆ ಗುರುತು ಹಾಕಿ ತೋರಿಸುತ್ತದೆ. ಕಲಿಯಲು ಅದು ಅನುಕೂಲವೆಂದು ತೋರಿದರೂ, ವಿಮಾನ ಈಗಿನ ದಿಕ್ಕಿನಲ್ಲೇ ಸಾಗುತ್ತದೆ ಎಂಬ ನಂಬಿಕೆಯ ಮೇಲೆ ನಿಂತಿರುವ ಆ ಗುರುತನ್ನೇ ಹಿಂಬಾಲಿಸುತ್ತ ಹೋದವರು, ವಿಮಾನ ತಿರುಗಿದಾಗಲೆಲ್ಲ ಅದರ ಹಿಂದೆ ಹಿಂದೆಯೇ ಇರುತ್ತಾರೆ. ವಾಸ್ತವಕ್ಕೆ ಹತ್ತಿರವಾದ ರಿಯಲಿಸ್ಟಿಕ್ ವಿಧಾನದಲ್ಲಿ ಈ ಊರುಗೋಲು ಇಲ್ಲ, ಮತ್ತು ಈ ಲಾರಿಯ ನಿಜವಾದ ಗುಣ ಕಾಣುವುದೂ ಅಲ್ಲಿಯೇ. ತೋಟದಲ್ಲಿ ಪೈಪು ಹಿಡಿದು ದೂರದ ಗಿಡಕ್ಕೆ ನೀರು ಹಾಯಿಸುವವನು ಧಾರೆ ಬೀಳುವ ಜಾಗ ನೋಡಿ ಕೈ ತಿದ್ದಿಕೊಳ್ಳುವಂತೆ, ಇಲ್ಲಿ ಬೆಳಕಿನ ಗೆರೆ ಎಳೆಯುತ್ತ ಹೋಗುವ ಟ್ರೇಸರ್ ಗುಂಡುಗಳನ್ನು ನೋಡಿ ಗುರಿ ತಿದ್ದಿಕೊಳ್ಳಬೇಕು. ನಾಲ್ಕು ನಳಿಕೆಗಳಿರುವುದರ ದೊಡ್ಡ ಲಾಭ ಇದು. ಒಂದೇ ನಳಿಕೆಯ ಗನ್ನಿನಲ್ಲಿ ಟ್ರೇಸರ್‌ಗಳು ಬಿಡಿಬಿಡಿಯಾಗಿ ಹೋಗಿ ಕಣ್ಣಿಗೆ ತಪ್ಪಿಹೋಗುತ್ತವೆ. ಇಲ್ಲಿ ಅವು ಒಂದು ಅಖಂಡ ಕಮಾನಾಗಿ ಕಾಣುವುದರಿಂದ, ಆ ಕಮಾನಿನ ತುದಿ ವಿಮಾನಕ್ಕಿಂತ ಹಿಂದಿದೆಯೇ, ಮುಂದಿದೆಯೇ, ಕೆಳಗಿದೆಯೇ ಎಂಬುದು ಕೂಡಲೇ ತಿಳಿಯುತ್ತದೆ. ಗೇಮರ್‌ಗಳು ಲೀಡ್ ಕೊಡುವುದು ಎನ್ನುವ ಈ ವಿದ್ಯೆಯನ್ನು ಕೈಗೆ ಹತ್ತಿಸಿಕೊಳ್ಳಲು ಇದಕ್ಕಿಂತ ತಾಳ್ಮೆಯ ಗುರು ಸೋವಿಯತ್ ಸಾಲಿನಲ್ಲಿ ಇನ್ನೊಂದಿಲ್ಲ.

ಗುರಿ ಹಿಡಿಯುವಾಗ ಸ್ನೈಪರ್ ನೋಟವನ್ನು ಬಿಟ್ಟು, ವಾಹನದ ಹಿಂದಿನಿಂದ ನೋಡುವ ಸಾಮಾನ್ಯ ನೋಟವನ್ನೇ ಬಳಸಬೇಕೆಂಬುದು ನನ್ನ ಸಲಹೆ. ದೂರದರ್ಶಕದ ನೋಟದಲ್ಲಿ ವಿಮಾನವೇನೋ ದೊಡ್ಡದಾಗಿ ಕಾಣುತ್ತದೆ, ಆದರೆ ಗುರಿಯಿಡಬೇಕಾದ ಖಾಲಿ ಆಕಾಶ ಚೌಕಟ್ಟಿನಿಂದ ಆಚೆಗೆ ಉಳಿದುಬಿಡುತ್ತದೆ. ಗುಂಡು ಯಾವಾಗ ಶುರುಮಾಡಬೇಕೆಂಬುದು ಇನ್ನೊಂದು ಪ್ರಶ್ನೆ. ಕೊಲ್ಲುವುದೇ ಉದ್ದೇಶವಾದರೆ ವಿಮಾನ 500 ಮೀಟರ್ ಒಳಗೆ ಬರುವವರೆಗೆ ಮೌನವಾಗಿ ಕಾದು, ಅದು ಬಾಂಬ್ ಬಿಟ್ಟು ಮೂತಿ ಮೇಲೆತ್ತುವಾಗ, ಅಂದರೆ ಹೊಟ್ಟೆಯನ್ನು ನಮಗೆ ತೋರಿಸುತ್ತ ವೇಗ ಕಳೆದುಕೊಳ್ಳುವಾಗ, ನಾಲ್ಕೂ ಗನ್ನುಗಳನ್ನು ತೆರೆಯಬೇಕು. ಜೊತೆಗಾರರ ಟ್ಯಾಂಕುಗಳನ್ನು ಉಳಿಸುವುದೇ ಉದ್ದೇಶವಾದರೆ, ಅದು ಎರಗಲು ಮೂತಿ ಬಗ್ಗಿಸುವ ಮೊದಲೇ, ತಗಲುವ ಭರವಸೆ ಇಲ್ಲದ ದೂರದಿಂದಲೂ ಹಾರಿಸಬೇಕು. ಈ ಎರಡನೆಯದು ಅಂಕ ತರುವುದಿಲ್ಲ, ಆದರೆ ಪಂದ್ಯ ಗೆಲ್ಲಿಸುವುದು ಬಹಳ ಸಲ ಅದೇ.

ತಗಲಿದ ಮೇಲೆ ಏನಾಗುತ್ತದೆ? ಇಲ್ಲಿ ನಿರೀಕ್ಷೆಯನ್ನು ಹದದಲ್ಲಿಟ್ಟುಕೊಳ್ಳಬೇಕು. ರೈಫಲ್ ಗಾತ್ರದ ಗುಂಡು ವಿಮಾನದ ರೆಕ್ಕೆಯನ್ನು ಕತ್ತರಿಸುವುದಿಲ್ಲ. ಅದು ತೂತು ಮಾಡುತ್ತದೆ, ಅಷ್ಟೆ. ಆ ತೂತು ಎಲ್ಲಿ ಬಿತ್ತು ಎಂಬುದರ ಮೇಲೆ ಉಳಿದದ್ದೆಲ್ಲ ನಿಂತಿದೆ. ಪೈಲಟ್‌ಗೆ ತಗಲಿದರೆ ವಿಮಾನ ಹಾಗೆಯೇ ತಲೆಕೆಳಗಾಗಿ ಬೀಳುತ್ತದೆ. ಇಂಧನದ ಟ್ಯಾಂಕಿಗೆ ಬೆಂಕಿ ಹತ್ತಿದರೆ ಕೆಲವು ಸಲ ಉರಿದುಹೋಗುತ್ತದೆ, ಕೆಲವು ಸಲ ಬೆಂಕಿ ತಾನಾಗಿ ಆರಿಬಿಡುತ್ತದೆ. ರೇಡಿಯೇಟರ್ ಅಥವಾ ಎಣ್ಣೆಯ ಕೊಳವೆ ಒಡೆದರೆ ಹೊಗೆಯ ಗೆರೆ ಬಿಡುತ್ತ ಹೊರಟ ವಿಮಾನದ ಎಂಜಿನ್ ನಿಲ್ಲಲು ಒಂದೆರಡು ನಿಮಿಷ ಬೇಕಾಗಬಹುದು, ಆ ನಡುವೆ ನಮ್ಮ ಕಡೆಯ ಯಾವುದೋ ಫೈಟರ್ ಬಂದು ಕೊನೆಯ ಪೆಟ್ಟು ಕೊಟ್ಟು ಅದನ್ನು ತನ್ನ ಲೆಕ್ಕಕ್ಕೆ ಸೇರಿಸಿಕೊಳ್ಳುತ್ತದೆ, ನಮಗೆ ನೆರವಿನ ಅಂಕವಷ್ಟೇ ಉಳಿಯುತ್ತದೆ. ಹೈಂಕೆಲ್ 51, ಹೆನ್ಷೆಲ್ 123ರಂಥ ಎರಡು ರೆಕ್ಕೆಯ ವಿಮಾನಗಳ ವಿರುದ್ಧ ಈ ಗುಂಡಿನ ಮಳೆ ಚೆನ್ನಾಗಿ ಕೆಲಸ ಮಾಡುತ್ತದೆ. ಅವು ನಿಧಾನ, ಪೈಲಟ್ ತೆರೆದ ಗುಂಡಿಯಲ್ಲಿ ಕುಳಿತಿರುತ್ತಾನೆ. ಸ್ಟೂಕಾ ಎಂದು ಹೆಸರಾದ ಯುಂಕರ್ಸ್ 87 ಕೂಡ ಡೈವ್ ಮುಗಿಸಿ ಏಳುವಾಗ ಸುಲಭದ ಬೇಟೆ. ಆದರೆ ಆಟದ ಜೋಡಿಸುವ ಪದ್ಧತಿ ವಾಹನದ ಬಲ ಸೂಚಿಸುವ ಬ್ಯಾಟಲ್ ರೇಟಿಂಗ್ ಎಂಬ ಸಂಖ್ಯೆಯಲ್ಲಿ ಒಂದು ಅಂಕದವರೆಗೆ ಮೇಲಿರುವ ವಾಹನಗಳನ್ನೂ ಎದುರಿಗೆ ತರುವುದರಿಂದ, ಆಗಾಗ ಇನ್ನೂ ಗಟ್ಟಿಯಾದ, ಇನ್ನೂ ವೇಗದ ವಿಮಾನಗಳು ಬರುತ್ತವೆ, ಆಗ ನಾವು ಕೆರೆದು ಕಳಿಸುವುದಕ್ಕಿಂತ ಹೆಚ್ಚಿನದೇನನ್ನೂ ಮಾಡಲಾರೆವು.

ಹಿಮ್ಮೆಟ್ಟಿಸುವ ಮಾತಿಗೆ ಮತ್ತೆ ಬರುತ್ತೇನೆ. ಆಟದ ಸರ್ವರ್ ರಿಪ್ಲೇ ಸೌಲಭ್ಯದಲ್ಲಿ ಮುಗಿದ ಪಂದ್ಯವನ್ನು ಬೇರೆ ಆಟಗಾರರ ಕಡೆಯಿಂದಲೂ ನೋಡಬಹುದು. ಎದುರು ಪಕ್ಷದ ಪೈಲಟ್ ಬಾಂಬ್ ಹಾಕಲೆಂದು ನಮ್ಮ ಟ್ಯಾಂಕಿನ ಕಡೆಗೆ ತಿರುಗಿ, ಎದುರಿನಿಂದ ಏರಿ ಬರುತ್ತಿರುವ ಟ್ರೇಸರ್ ಗೆರೆಗಳನ್ನು ಕಂಡು, ಒಂದೂ ಗುಂಡು ತಗಲದಿದ್ದರೂ ಪಕ್ಕಕ್ಕೆ ಹೊರಳಿ, ಬಾಂಬನ್ನು ಗುರಿಯಿಲ್ಲದೆ ಬಯಲಿಗೆ ಚೆಲ್ಲಿ ಹೋಗುವುದನ್ನು ಅಲ್ಲಿ ನೋಡಿದರೆ ಈ ವಾಹನದ ನಿಜವಾದ ಕೆಲಸ ಅರ್ಥವಾಗುತ್ತದೆ. 1931ರಲ್ಲಿ ಇದನ್ನು ಕಟ್ಟಿದವರ ಉದ್ದೇಶವೂ ಬಹುಮಟ್ಟಿಗೆ ಅದೇ ಆಗಿತ್ತು: ಶತ್ರು ವಿಮಾನ ತಗ್ಗಿಗೆ ಇಳಿದು ನಿಧಾನವಾಗಿ ಗುರಿಯಿಡಲು ಬಿಡಬಾರದು. ರಿಯಲಿಸ್ಟಿಕ್ ವಿಧಾನದಲ್ಲಿ ಆಟಗಾರ ನೆಲದ ಮೇಲೆ ಹೋರಾಡಿ ಗಳಿಸಿದ ಸ್ಪಾನ್ ಪಾಯಿಂಟ್‌ಗಳನ್ನು ಕೊಟ್ಟು ವಿಮಾನ ತರುತ್ತಾನಾದ್ದರಿಂದ, ವ್ಯರ್ಥವಾದ ಒಂದು ಬಾಂಬ್ ಎಂದರೆ ಎದುರು ಪಕ್ಷಕ್ಕೆ ಸಣ್ಣ ನಷ್ಟವಲ್ಲ. ಆಟ ತಯಾರಿಸಿದವರು ಇದನ್ನು ಅಂಕವಾಗಿ ಪರಿವರ್ತಿಸುವ ದಾರಿಯನ್ನು ಕಂಡುಕೊಂಡಿಲ್ಲ. ವಿಮಾನಕ್ಕೆ ಹಾನಿಯಾದರೆ ಅಂಕ, ನಾಶವಾದರೆ ಹೆಚ್ಚು ಅಂಕ, ಹೆದರಿ ಹೋದರೆ ಸೊನ್ನೆ. ಹೆದರಿಕೆಯನ್ನು ಅಳೆಯುವುದು ಕಷ್ಟವೆಂದು ನಾನೂ ಒಪ್ಪುತ್ತೇನೆ. ಆದರೂ ವಿಮಾನ ನಿರೋಧಕ ವಾಹನದ ಗುಂಡಿನ ವ್ಯಾಪ್ತಿಯಲ್ಲಿ ಬಿದ್ದ ಬಾಂಬುಗಳು ಯಾರಿಗೂ ತಗಲದೆ ಹೋದಾಗ ಆ ವಾಹನಕ್ಕೆ ಒಂದಿಷ್ಟು ಪಾಲು ಕೊಡುವುದು ಅಸಾಧ್ಯವೇನಲ್ಲ. ಅಲ್ಲಿಯವರೆಗೆ, ಹೆಚ್ಚಿನವರು ಈ ವಾಹನವನ್ನು ತರದೇ ಇರುವುದಕ್ಕೂ, ಕೆಳಹಂತದ ಪಂದ್ಯಗಳಲ್ಲಿ ವಿಮಾನಗಳು ನಿರಾತಂಕವಾಗಿ ಆಡುವುದಕ್ಕೂ ಸಂಬಂಧ ಇದ್ದೇ ಇರುತ್ತದೆ.

ಬದುಕುಳಿಯುವ ವಿಷಯ ಸಂಕಟದ್ದು. ಟ್ಯಾಂಕಿನ ಮುಖ್ಯ ಫಿರಂಗಿ ಬೇಕಾಗಿಯೇ ಇಲ್ಲ. ಅದರ ಪಕ್ಕದ ಮೆಷಿನ್ ಗನ್ ಒಂದು ಬಾರಿ ಸವರಿಕೊಂಡು ಹೋದರೆ ಚಾಲಕನೂ ಗನ್ನರನೂ ಬೀಳುತ್ತಾರೆ, ವಾಹನ ಲೆಕ್ಕದಿಂದ ಹೊರಗಾಗುತ್ತದೆ. ಪಕ್ಕದಲ್ಲಿ ಸ್ಫೋಟಿಸಿದ ಶೆಲ್ಲಿನ ಚೂರುಗಳೂ ಸಾಕು. ಫೈಟರ್ ವಿಮಾನ ಮುಖಾಮುಖಿಯಾಗಿ ಬಂದಾಗ ಲೀಡ್ ಕೊಡುವ ತೊಂದರೆ ಇಲ್ಲ, ಅದರ ಎಂಜಿನ್ನೂ ಪೈಲಟ್ಟೂ ನೇರ ಗುರಿಗೆ ಸಿಗುತ್ತಾರೆ, ಹಾಗಾಗಿ ನಾಲ್ಕು ಗನ್ನಿನವರಿಗೆ ಅದು ಅವಕಾಶದಂತೆ ಕಾಣುತ್ತದೆ. ಆದರೆ ನಮ್ಮ ಗನ್ನರನೂ ಅಷ್ಟೇ ಬಯಲಲ್ಲಿ ನಿಂತಿರುತ್ತಾನೆ ಎಂಬುದನ್ನು ಮರೆಯಬಾರದು. ಎದುರಿಗೆ ಬರುವ ವಿಮಾನ ಒಂದೇ ಆಗಿದ್ದು ಅದರಲ್ಲಿರುವುದು ಎರಡು ಸಣ್ಣ ಮೆಷಿನ್ ಗನ್ ಆಗಿದ್ದರೆ ಮಾತ್ರ ನಿಂತು ಹೋರಾಡುವುದು ಸರಿ. ರೆಕ್ಕೆಗಳಲ್ಲಿ ಫಿರಂಗಿ ಇರುವ ವಿಮಾನವಾದರೆ ಮನೆಯೋ ಬಂಡೆಯೋ ಸಿಕ್ಕಿದ್ದರ ಹಿಂದೆ ಸರಿದುಕೊಳ್ಳುವುದೇ ಮೇಲು.

ಆದ್ದರಿಂದ ಎಲ್ಲಿ ನಿಲ್ಲಬೇಕೆಂಬುದೇ ಅರ್ಧ ಯುದ್ಧ. ಮುಂದಿನ ಸಾಲಿನಿಂದ ಸಾಕಷ್ಟು ಹಿಂದೆ, ಆದರೆ ನಮ್ಮ ಟ್ಯಾಂಕುಗಳ ಮೇಲಿನ ಆಕಾಶ ಗುಂಡಿನ ಅಳವಿಗೆ ಬರುವಷ್ಟು ಹತ್ತಿರ, ನೆಲದ ಮೂರೂ ದಿಕ್ಕಿನಿಂದ ಮರೆಯಾಗಿ, ಆಕಾಶಕ್ಕೆ ಮಾತ್ರ ತೆರೆದಿರುವ ಜಾಗ ಬೇಕು. ಕರೇಲಿಯಾ ನಕ್ಷೆಯ ಬಂಡೆಗಳ ಸಂದುಗಳು ಇದಕ್ಕೆ ಹೇಳಿ ಮಾಡಿಸಿದಂತಿವೆ. ಕುರ್ಸ್ಕ್‌ನ ಬಯಲಿನಲ್ಲಿ ಮಾತ್ರ ಈ ಲಾರಿಯನ್ನು ತೆಗೆದುಕೊಂಡು ಹೋಗುವುದಕ್ಕೆ ಧೈರ್ಯಕ್ಕಿಂತ ನಿರ್ಲಕ್ಷ್ಯ ಹೆಚ್ಚು ಬೇಕು. ಗನ್ನುಗಳ ಮುಂದೆ ಚಾಲಕನ ಕ್ಯಾಬಿನ್ ಅಡ್ಡ ಬರುವುದರಿಂದ ಮುಂಭಾಗಕ್ಕೆ ನಳಿಕೆಗಳನ್ನು ಹೆಚ್ಚು ತಗ್ಗಿಸಲಾಗದು. ಶತ್ರು ಬರುವ ದಿಕ್ಕಿಗೆ ಲಾರಿಯ ಬೆನ್ನು ಮಾಡಿ ನಿಲ್ಲುವುದು ಒಳ್ಳೆಯದು. ಹಾಗೆ ನಿಂತರೆ ತಗ್ಗಿನಲ್ಲಿ ಬರುವ ವಿಮಾನವೂ ಗುರಿಗೆ ಸಿಗುತ್ತದೆ, ಓಡಿಹೋಗುವ ಪ್ರಸಂಗ ಬಂದರೆ ಗೇರ್ ಹಾಕಿ ನೇರ ಮುಂದಕ್ಕೆ ಹೊರಟುಬಿಡಬಹುದು. ಹಿಂದಕ್ಕೆ ಓಡಿಸುವಾಗ ಈ ಲಾರಿ ಆಮೆಯನ್ನೂ ಮೀರಿಸದು. ಗುಂಡು ಹಾರಿಸಿದ ಕೂಡಲೇ ಟ್ರೇಸರ್‌ಗಳ ಕಮಾನು ನಮ್ಮ ಜಾಗವನ್ನು ಇಡೀ ಮೈದಾನಕ್ಕೆ ಸಾರಿ ಹೇಳಿಬಿಡುವುದರಿಂದ, ಒಂದು ವಿಮಾನದ ಮೇಲೆ ದಾಳಿ ಮುಗಿದ ಮೇಲೆ ಅಲ್ಲಿಂದ ಸರಿದುಕೊಳ್ಳುವ ಅಭ್ಯಾಸ ಬೆಳೆಸಿಕೊಳ್ಳಬೇಕು.

ನೆಲದ ಗುರಿಗಳ ವಿರುದ್ಧ ಇದನ್ನು ಬಳಸುವ ಆಸೆ ಎಲ್ಲರಿಗೂ ಬರುತ್ತದೆ. ಬರಬಾರದು. ಈ ಹಂತದ ಹಗುರ ಟ್ಯಾಂಕುಗಳ ತೆಳು ಉಕ್ಕನ್ನೂ ಮ್ಯಾಕ್ಸಿಮ್‌ನ ಗುಂಡು ಲೆಕ್ಕಕ್ಕೆ ಬರುವ ದೂರದಿಂದ ಭೇದಿಸುವುದಿಲ್ಲ. ಜರ್ಮನರ ಫ್ಲಾಕ್‌ಪಾನ್ಸರ್ 1ರಂಥ ತೆರೆದ ಮೈಯ ವಿಮಾನ ನಿರೋಧಕ ವಾಹನಗಳು, ಬೆನ್ನು ತೆರೆದ ಪಾನ್ಸರ್‌ಯೇಗರ್ 1ರಂಥ ಟ್ಯಾಂಕ್ ನಾಶಕಗಳು ಪಕ್ಕದಿಂದಲೋ ಹಿಂದಿನಿಂದಲೋ ಸಿಕ್ಕರೆ ಅವುಗಳ ಸಿಬ್ಬಂದಿಯನ್ನು ಹೊಡೆಯಬಹುದು. ಅದನ್ನು ದಾರಿಯಲ್ಲಿ ಸಿಕ್ಕ ಭಾಗ್ಯವೆಂದುಕೊಳ್ಳಬೇಕೇ ಹೊರತು ಅದಕ್ಕಾಗಿ ಹುಡುಕಿಕೊಂಡು ಹೋಗಬಾರದು.

ಖರ್ಚಿನ ವಿಷಯದಲ್ಲಿ ಹೇಳಬೇಕಾದದ್ದು ಕಡಿಮೆ. ಆಟ ಉಚಿತ, ವಾಹನವೂ ಹಾಗೆಯೇ. ನಾಶವಾದಾಗ ದುರಸ್ತಿಗೆ ತಗಲುವ ಸಿಲ್ವರ್ ಲಯನ್‌ಗಳು, ಅಂದರೆ ಆಡಿ ಗಳಿಸುವ ಆಟದ ನಾಣ್ಯಗಳು, ನಗಣ್ಯ. 2023ರ ಮೇ ತಿಂಗಳಿನಲ್ಲಿ ಆಟಗಾರರು ಈ ಆಟದ ಹಣಕಾಸಿನ ವ್ಯವಸ್ಥೆಯ ವಿರುದ್ಧ ಆಟಗಳನ್ನು ಮಾರುವ ಸ್ಟೀಮ್ ತಾಣದಲ್ಲಿ ಸಾಮೂಹಿಕವಾಗಿ ಪ್ರತಿಭಟಿಸಿ, ತಯಾರಕರು ಸುಧಾರಣೆಗಳನ್ನು ಪ್ರಕಟಿಸಬೇಕಾಗಿ ಬಂದದ್ದು ಹಲವರಿಗೆ ನೆನಪಿರಬಹುದು. ಆ ವಿವಾದದ ಬಿಸಿ ಮೇಲಿನ ಹಂತಗಳಲ್ಲಿ ತಟ್ಟಿದಷ್ಟು ಈ ಕೆಳಹಂತದಲ್ಲಿ ತಟ್ಟಿರಲಿಲ್ಲ. ನಿಜವಾದ ಹಣ ಕೊಟ್ಟು ಗೋಲ್ಡನ್ ಈಗಲ್ ಎಂಬ ಆಟದ ನಾಣ್ಯ ಕೊಂಡು, ಈ ವಾಹನ ಕೈಗೆ ಬರಲು ಆಟದಲ್ಲಿ ಮಾಡಬೇಕಾದ ಸಂಶೋಧನೆಯನ್ನು ಬೇಗ ಮುಗಿಸುವುದು ದುಡ್ಡು ದಂಡ. ಸಿಬ್ಬಂದಿಯ ಕೌಶಲಕ್ಕೆ ಸಿಗುವ ಅಂಕಗಳನ್ನು ಮಾತ್ರ ಯೋಚಿಸಿ ಹಾಕಬೇಕು: ಗನ್ನರನ ಗುರಿ ತಿರುಗಿಸುವ ವೇಗಕ್ಕೆ ಮೊದಲ ಆದ್ಯತೆ, ಆಮೇಲೆ ಸಿಬ್ಬಂದಿಯ ಸಹನಶಕ್ತಿಗೆ. ತಲೆಯ ಮೇಲೆ ಹಾದುಹೋಗುವ ವಿಮಾನವನ್ನು ಹಿಂಬಾಲಿಸಿ ಗನ್ನು ತಿರುಗಿಸುವಾಗ ಆ ಸಣ್ಣ ವ್ಯತ್ಯಾಸವೇ ದೊಡ್ಡದಾಗುತ್ತದೆ. ಕರ್ನಾಟಕದಿಂದ ಆಡುವವರು ಸರ್ವರ್ ಆಯ್ಕೆಯನ್ನೂ ಪರೀಕ್ಷಿಸಿ ನೋಡುವುದು ಒಳಿತು, ಏಕೆಂದರೆ ದೂರದ ಸರ್ವರಿನಿಂದ ಬರುವ ವಿಳಂಬ ಟ್ಯಾಂಕುಗಳ ಕಾಳಗದಲ್ಲಿ ಅಷ್ಟಾಗಿ ಕಾಡದಿದ್ದರೂ, ಸೆಕೆಂಡಿಗೆ ನೂರು ಮೀಟರ್ ಓಡುವ ಗುರಿಯ ಮುಂದೆ ಅದು ಕೈಕೊಡುತ್ತದೆ. ಗ್ರಾಫಿಕ್ಸ್ ಅನ್ನು ಕಡಿಮೆ ಮಟ್ಟಕ್ಕೆ ಇಳಿಸಿದರೆ ಸಾಧಾರಣ ಲ್ಯಾಪ್‌ಟಾಪಿನಲ್ಲೂ ಆಟ ಸಾಗುತ್ತದೆ, ಆದರೆ ಆಕಾಶದಲ್ಲಿ ಚುಕ್ಕಿಯಂತೆ ಕಾಣುವ ವಿಮಾನವನ್ನು ಗುರುತಿಸಲು ಪರದೆಯ ಸ್ಪಷ್ಟತೆ ಚೆನ್ನಾಗಿರಬೇಕು.

ಸೋವಿಯತ್ ಸಾಲಿನ ಇತರ ವಿಮಾನ ನಿರೋಧಕ ಲಾರಿಗಳ ಜೊತೆ ಹೋಲಿಸಿದಾಗ ನಾಲ್ಕು ಮ್ಯಾಕ್ಸಿಮ್‌ನ ಸ್ಥಾನ ಇನ್ನಷ್ಟು ಸ್ಪಷ್ಟವಾಗುತ್ತದೆ. ಇದೇ ಗಾಝ್-ಎಎಎ ಲಾರಿಯ ಮೇಲೆ ಒಂದೇ ಒಂದು ಡಿಎಶ್‌ಕೆ ಇಟ್ಟಿರುವ ವಾಹನವೂ ಆಟದಲ್ಲಿದೆ. 12.7 ಮಿ.ಮೀ. ಗುಂಡು ದೂರದವರೆಗೂ ತನ್ನ ವೇಗವನ್ನು ಉಳಿಸಿಕೊಳ್ಳುತ್ತದೆ, ತಗಲಿದರೆ ವಿಮಾನದ ಅಂಗಗಳನ್ನು ಒಡೆಯುತ್ತದೆ, ಹತ್ತಿರದಿಂದ ಹಗುರ ಟ್ಯಾಂಕಿನ ಪಕ್ಕವನ್ನೂ ಭೇದಿಸುತ್ತದೆ. ಕಾಗದದ ಮೇಲೆ ಎಲ್ಲ ಬಗೆಯಲ್ಲೂ ಅದೇ ಮೇಲು. ಆದರೆ ಅದರ ಬೆಲ್ಟಿನಲ್ಲಿರುವುದು 50 ಗುಂಡು. ನಿಮಿಷಕ್ಕೆ 600ರ ವೇಗದಲ್ಲಿ ಅವು ಐದು ಸೆಕೆಂಡಿಗೆ ಮುಗಿದುಹೋಗುತ್ತವೆ, ಗುರಿ ಇನ್ನೇನು ಕೂಡಿಬಂತು ಎನ್ನುವಾಗ ಗನ್ನು ಮೌನವಾಗಿ ಬೆಲ್ಟ್ ಬದಲಿಸುತ್ತ ಕೂರುತ್ತದೆ. ಗುರಿಯಿಡುವುದನ್ನು ಆಗಲೇ ಕಲಿತವರ ಕೈಯಲ್ಲಿ ಅದು ಒಳ್ಳೆಯ ಆಯುಧ. ಕಲಿಯುತ್ತಿರುವವರಿಗೆ ತಪ್ಪು ತಿದ್ದಿಕೊಳ್ಳಲು ಅದು ಸಮಯವನ್ನೇ ಕೊಡುವುದಿಲ್ಲ. ಅದರಿಂದ ಮುಂದೆ ಬರುವ ಗಾಝ್-ಎಂಎಂ ಲಾರಿಯ ಮೇಲಿನ 25 ಮಿ.ಮೀ.ನ 72-ಕೆ ಫಿರಂಗಿಯದು ಬೇರೆಯೇ ಲೋಕ. ಅದರ ಒಂದೆರಡು ಶೆಲ್ ತಗಲಿದರೆ ವಿಮಾನ ಮುಗಿದಂತೆ, ಟ್ಯಾಂಕುಗಳೂ ಅದಕ್ಕೆ ಅಂಜಬೇಕು. ಆದರೆ ಸಣ್ಣ ಕ್ಲಿಪ್ಪುಗಳಲ್ಲಿ ತುಂಬುವ ಶೆಲ್ಲುಗಳನ್ನು ಬಿಡಿಬಿಡಿಯಾಗಿ ಹಾರಿಸಬೇಕಾದ್ದರಿಂದ ಗುಂಡಿನ ತೆರೆ ಹಾಕಿ ಪೈಲಟ್‌ಗಳನ್ನು ಬೆದರಿಸುವ ಕೆಲಸ ಅದರಿಂದಾಗದು. ಅಮೆರಿಕದ ಸಾಲಿನ ಎಂ16 ಅರೆಚೈನು ವಾಹನ ನಾಲ್ಕು ದಪ್ಪ ಬ್ರೌನಿಂಗ್ ಗನ್ನುಗಳೊಂದಿಗೆ ಈ ಎರಡೂ ಗುಣಗಳನ್ನು ಕೂಡಿಸಿಕೊಂಡಿದೆ. ಸೋವಿಯತ್ ಆಟಗಾರ ಅದನ್ನು ನೋಡಿ ಕರುಬುವುದು ಸಹಜ.

ಹಾಗಾಗಿ 72-ಕೆ ಕೈಗೆ ಬಂದ ಮೇಲೂ ನಾಲ್ಕು ಮ್ಯಾಕ್ಸಿಮ್‌ನ ಲಾರಿಯನ್ನು ತಮ್ಮ ತಂಡದ ಪಟ್ಟಿಯಿಂದ ಕೂಡಲೇ ತೆಗೆದುಹಾಕಬೇಡಿ ಎಂದು ಸೂಚಿಸುತ್ತೇನೆ. ಗೆಳೆಯರಿಬ್ಬರು ಒಂದೇ ಸ್ಕ್ವಾಡ್‌ನಲ್ಲಿ ಆಡುವಾಗ ಒಬ್ಬರು ಇದನ್ನೂ ಇನ್ನೊಬ್ಬರು 25 ಮಿ.ಮೀ. ಲಾರಿಯನ್ನೂ ತಂದು, ಒಂದೇ ದಿಣ್ಣೆಯ ಎರಡು ಬದಿಯಲ್ಲಿ ನಿಂತರೆ, ಮೊದಲನೆಯದರ ಗುಂಡಿನ ಗೆರೆ ಕಂಡು ಪಕ್ಕಕ್ಕೆ ಹೊರಳುವ ವಿಮಾನ ಎರಡನೆಯದಕ್ಕೆ ತನ್ನ ಅಗಲವಾದ ಬೆನ್ನನ್ನು ತೋರಿಸುತ್ತ ಸಿಗುತ್ತದೆ. ಉರುಳಿಸಿದ ಅಂಕ ಯಾರಿಗೆ ಸೇರಬೇಕೆಂಬ ಜಗಳವನ್ನು ಅವರಿಬ್ಬರು ಪಂದ್ಯ ಮುಗಿದ ಮೇಲೆ ಮಾಡಿಕೊಳ್ಳಬಹುದು.